ಭಾಗ್ಯಮ್ಮನ ಬಲಗೈಗೆ ಬಂದ ಕಾಲು

ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಚಾವಣಿಯ ತಗಡು ಜಾರಿ ಬಲ ಮೊಣಕೈಯ ಒಳಮಗ್ಗುಲನ್ನು ಸೀಳಿದಾಗ, ಗುರುಪುರದ ಭಾಗ್ಯಮ್ಮ ಮೊದಲು ಹೇಳಿದ್ದು ಒಲೆಯ ಮೇಲಿನ ಹುರುಳಿ ಸಾರು ಇಳಿಸಿ ಎಂದು. ಆಮೇಲೆ ರಕ್ತ ಚಿಮ್ಮುವುದನ್ನು ಕಂಡಳು. ಗಂಡ ಚೆಲುವರಾಜು ಟವೆಲ್ಲಿನಿಂದ ಗಾಯವನ್ನು ಒತ್ತಿ ಹಿಡಿದು ಮೈಸೂರಿನ ಆಸ್ಪತ್ರೆಗೆ ಮುಟ್ಟಿಸುವಷ್ಟರಲ್ಲಿ ಬೆರಳುಗಳು ಬಿಳುಚಿ ತಣ್ಣಗಾಗಿದ್ದವು. ಮಣಿಕಟ್ಟಿನಲ್ಲಿ ನಾಡಿ ಇರಲಿಲ್ಲ. ಇನ್ನು ತಡವಾದರೆ ಕೈ ಉಳಿಯುವುದಿಲ್ಲ ಎಂದರು ಡಾಕ್ಟರು. ಎಡಗಾಲಿನಿಂದ ಬೆರಳುದ್ದದ ರಕ್ತನಾಳ ತೆಗೆದು, ರಕ್ತ ಸರಿಯಾಗಿ ಹರಿಯಲೆಂದು ತಲೆಕೆಳಗು ಮಾಡಿ, ಕೈಯಲ್ಲಿ ತುಂಡಾಗಿದ್ದ ನಾಳದ ನಡುವೆ ಕೂದಲಿನಂಥ ದಾರದಲ್ಲಿ ಹೊಲಿದರು. ಬೆರಳಿಗೆ ಬಣ್ಣ ಮರಳಿತು. ಮನೆಗೆ ಕಳಿಸುವಾಗ, ಮೂರು ತಿಂಗಳು ಈ ಕೈಯಲ್ಲಿ ಎತ್ತಬಾರದು, ಹಿಂಡಬಾರದು, ಒತ್ತಬಾರದು, ದಿನಕ್ಕೆ ಮೂರು ಸಲ ನಾಡಿ ನೋಡಿಕೊಳ್ಳಬೇಕು, ಹೊಲಿಗೆ ಕೆಟ್ಟರೆ ಕೈ ಹೋದಂತೆಯೇ ಎಂದರು.

ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ಆ ಕೈಗೆ ಮೂರು ದಿನದ ಬಿಡುವೂ ಸಿಕ್ಕಿರಲಿಲ್ಲ. ಬಾಣಂತನದಲ್ಲೂ ಅದು ಅವರೆಕಾಯಿ ಸುಲಿದಿತ್ತು. ಡಾಕ್ಟರ ಮಾತು ಅತ್ತೆ ರುಕ್ಮಿಣಮ್ಮನ ಕಿವಿಗೆ ಹೋಗಲಿಲ್ಲ. ನಾಳೆ ಬೆಳಗ್ಗೆ ಮುದ್ದೆಯೊಂದು ಕಟ್ಟಿಬಿಡು ಎಂದಳು. ಆಮೇಲೆ ಸೊಸೆಯ ಕಾಲಿನ ಪಟ್ಟಿ ಏಕೆಂದು ಕೇಳಿ, ಉತ್ತರಕ್ಕೆ ಬೆಚ್ಚಿಬಿದ್ದಳು.

"ಕಾಲಿನ ನರ ಕೈಗಾಕವ್ರೆ ಅಂದ್ಮೇಲೆ ಅದು ಕಾಲೇ ಕಣಮ್ಮಿ. ಕಾಲಲ್ಲಿ ರಾಗಿ ಇಟ್ಟು ಮುಟ್ಟಾದಾ?"

ಹೀಗೆ ಮುದ್ದೆ ನಿಂತಿತು. ಹಸು ಲಕ್ಷ್ಮಿ, ಅದಕ್ಕೆ ಕಾಲು ತಾಕಿಸುವಂತಿಲ್ಲ, ಹಾಲು ಕರೆಯುವುದು ನಿಂತಿತು. ಪೊರಕೆ ಲಕ್ಷ್ಮಿ. ಮೊರ ಲಕ್ಷ್ಮಿ. ಒಲೆ, ದೀಪ, ರಾಗಿಯ ಡ್ರಮ್ಮು, ಒಂದೊಂದನ್ನೂ ರುಕ್ಮಿಣಮ್ಮನೇ ಯೋಚಿಸಿ ಯೋಚಿಸಿ ನಿಷೇಧಿಸಿದಳು. ಮನೆಯಲ್ಲಿ ತಾನು ಮಾಡುತ್ತಿದ್ದ ಕೆಲಸವೆಲ್ಲ ಇಷ್ಟೊಂದು ಪವಿತ್ರವೆಂದು ಭಾಗ್ಯಮ್ಮನಿಗೆ ಈವರೆಗೆ ಯಾರೂ ಹೇಳಿರಲಿಲ್ಲ. ಚೆಲುವರಾಜು ಮುದ್ದೆ ತೊಳಸಲು ಕುಳಿತ. ಮೊದಲ ವಾರ ಅದನ್ನು ಚಮಚದಲ್ಲಿ ತಿಂದರು.

ಎರಡನೇ ವಾರ ರುಕ್ಮಿಣಮ್ಮನಿಗೆ ಕಾಲಿಗೆ ಒಪ್ಪುವ ಕೆಲಸವೊಂದು ಹೊಳೆಯಿತು. ಜಗಲಿಯಲ್ಲಿ ಕಾಲು ನೀಡಿ, ಸೊಸೆಯನ್ನು ಕರೆದಳು.

"ಬಾ, ಮೀನಖಂಡ ಒತ್ತು. ಕಾಲಿಗೆ ಕಾಲು ತಾಕುದ್ರೆ ದೋಸ ಇಲ್ಲ."

ಒತ್ತಬಾರದು ಎಂದು ಡಾಕ್ಟರು ಎರಡು ಸಲ ಹೇಳಿದ್ದರು. ಒಲ್ಲೆ ಎಂದರೆ ಆ ಮನೆಯಲ್ಲಿ ಬಾಳುವಂತಿರಲಿಲ್ಲ. ಭಾಗ್ಯಮ್ಮ ಹತ್ತಿರ ಬಂದು ನಿಂತಳು.

"ಅಬ್ಬದ ದಿನ ನಿಮ್ ಪಾದ ಮುಟ್ಟಿ ಕಣ್ಗೊತ್ಕೊಳ್ಳಲ್ವಾ ಅತ್ತೆ? ಆ ಪಾದುಕ್ಕೆ ಕಾಲು ತಾಕ್ಸ್‌ಬೋದು ಅಂತ ನೀವೇ ಬಾಯ್ಬುಟ್ಟು ಏಳಿ, ಈಗ್ಲೇ ಒತ್ತೀನಿ."

ರುಕ್ಮಿಣಮ್ಮ ತನ್ನ ಪಾದಗಳನ್ನು ನೋಡಿಕೊಂಡಳು. ಅವು ಪೊರಕೆಗಿಂತ ಕಡಿಮೆ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಅಡುಗೆಮನೆಯತ್ತ ತಿರುಗಿ ಮಗನನ್ನು ಕೂಗಿದಳು. ಚೆಲುವರಾಜು ಕೈಗೆ ಮೆತ್ತಿದ ಹಿಟ್ಟನ್ನು ತೊಳೆದುಕೊಂಡು ಬಂದು ಅಮ್ಮನ ಕಾಲು ಒತ್ತತೊಡಗಿದ.

ಭಾಗ್ಯಮ್ಮ ಕಂಬಕ್ಕೊರಗಿ ಕುಳಿತು, ಎಡಗೈಯ ಎರಡು ಬೆರಳನ್ನು ಬಲ ಮಣಿಕಟ್ಟಿನ ಮೇಲಿಟ್ಟಳು. ಮಧ್ಯಾಹ್ನದ ನಾಡಿ ನೋಡುವ ಹೊತ್ತು. ಕಾಲಿನಿಂದ ಬಂದದ್ದು ಅಲ್ಲಿ ಟಕ್ ಟಕ್ ಎಂದು ನಡೆಯುತ್ತಿತ್ತು.