ಕೂಗಿ ಹೇಳಿದ ತೂಕ

ನಮ್ಮ ಊರಿಗೆ ತೂಕದ ಯಂತ್ರ ಬಂತೆಂದರೆ ಮಕ್ಕಳು ಸಣಕಲಾಗಿವೆ ಎಂದು ಬೈಯುವುದಕ್ಕೇ ಬಂದಿದೆ ಎಂದು ನಾವು ತಿಳಿದಿದ್ದೆವು. ನಾನು ಹೆತ್ತ ಕಾಲದಿಂದ ನನ್ನ ಸೊಸೆ ಹೆತ್ತ ಕಾಲದವರೆಗೂ ಹಾಗೇ ನಡೆದಿತ್ತು. ಅಂಗನವಾಡಿಯ ಟೀಚರ್ ಕೂಸನ್ನು ಜೋಲಿಗೆ ಹಾಕಿ ತೂಗುವಳು, ಮುಳ್ಳು ನೋಡುವಳು, "ಏನಮ್ಮಾ, ಮಗೀಗೆ ಊಟ ಹಾಕ್ತೀಯೋ ಇಲ್ವೋ" ಎಂದು ನೆರೆದವರ ಮುಂದೆ ಕೇಳುವಳು. ಆ ಮಾತು ಕೇಳಿಸಿಕೊಳ್ಳಬಾರದೆಂದು ತೂಕದ ದಿನ ಎಲ್ಲರ ಮನೆಯಲ್ಲೂ ಹಬ್ಬದಂಥ ಊಟ.

ಹಾಗಾಗಿ, ನಾಳೆ ಶಾಲೆಯಲ್ಲಿ ಮಕ್ಕಳ ತೂಕ ನೋಡುತ್ತಾರೆ, ಮನೆಯವರೂ ಬರಬೇಕು ಎಂದು ಹೇಳಿಕಳಿಸಿದಾಗ ನಮ್ಮ ಬೀದಿ ಸುಮ್ಮನೆ ಕೂರಲಿಲ್ಲ. ಏಳನೇ ಕ್ಲಾಸಿನ ನನ್ನ ಮೊಮ್ಮಗಳಿಗೆ ಬೆಳಿಗ್ಗೆಯೇ ಎರಡು ಮುದ್ದೆ, ಸಾರಿನ ಮೇಲೆ ತುಪ್ಪ, ಅದರ ಮೇಲೆ ಬಾಳೆಹಣ್ಣು, ಒಂದು ಲೋಟ ಹಾಲು. ಸೆಕೆಯಿದ್ದರೂ ಸ್ವೆಟರ್ ಹಾಕಿಸಿದೆ. ಪಕ್ಕದ ಮನೆಯಾಕೆ ನನಗಿಂತ ಜಾಣೆ, ಮೊಮ್ಮಗನ ಸೊಂಟಕ್ಕೆ ಬೆಳ್ಳಿ ಉಡುದಾರ ಬಿಗಿದು ಕರೆತಂದಿದ್ದಳು.

ಶಾಲೆಯಲ್ಲಿ ಕಂಬದಿಂದ ಕಂಬಕ್ಕೆ ಬ್ಯಾನರು ಕಟ್ಟಿದ್ದರು. ನಾನು ಅಕ್ಷರ ಕೂಡಿಸಿ ಓದುವವಳು. 'ಮಕ್ಕಳ ಬೊಜ್ಜು' ಎಂಬಲ್ಲಿಗೆ ಬಂದು ಕಣ್ಣುಜ್ಜಿಕೊಂಡೆ. 'ನಿಯಂತ್ರಣ' ಎಂದು ಓದಿ ಮುಗಿಸುವಷ್ಟರಲ್ಲಿ ನನ್ನ ಮೊಮ್ಮಗಳು ಯಂತ್ರದ ಮೇಲೆ ನಿಂತಾಗಿತ್ತು.

ತರೀಕೆರೆಯಿಂದ ಒಬ್ಬಳು ಹುಡುಗಿ ಮೇಡಂ ಬಂದಿದ್ದಳು. ತೂಕ ನೋಡಿ ಕೂಗುವುದು ಅವಳ ಕೆಲಸ. ಆ ಮೂಲೆಯಲ್ಲಿ ಕೂತು ಬರೆದುಕೊಳ್ಳುವವಳು ಇನ್ನೊಬ್ಬಳು. ಬರೆಯುವವಳಿಗೆ ಕೇಳಲಿ ಎಂದು ಕೂಗಿದ್ದು ಶಿವನಿ ರೈಲ್ವೆ ಸ್ಟೇಷನ್ನಿನವರೆಗೂ ಕೇಳಿಸಿರಬೇಕು.

"ಐವತ್ತೆರಡು."

ಹಿಂದಿನ ಸಾಲಿನ ಯಾವನೋ ಹುಡುಗ ಅದನ್ನೇ ರಾಗವಾಗಿ ಹೇಳಿದ. ಮಿಕ್ಕವರು ನಕ್ಕರು. ಪಕ್ಕದ ಮನೆಯ ಉಡುದಾರದ ಹುಡುಗನೂ ಸೇರಿ ತೂಕ ಹೆಚ್ಚಿದವರನ್ನೆಲ್ಲ ಗೋಡೆ ಪಕ್ಕ ಬೇರೆ ಸಾಲಿನಲ್ಲಿ ಕೂರಿಸಿದರು. ಯಾರಿಗೂ ಗುರುತು ತಪ್ಪಬಾರದಲ್ಲ.

ನನ್ನನ್ನು ಕರೆದು ಮೇಡಂ ಕೇಳಿದಳು, "ಅಜ್ಜಿ, ಇವತ್ತು ಬೆಳಿಗ್ಗೆ ಏನು ತಿಂದ್ಲು?"

ಇದ್ದದ್ದು ಇದ್ದ ಹಾಗೆ ಹೇಳಿದೆ. ಅನ್ನಕ್ಕೆ ವಿಷ ಬೆರೆಸಿದವಳನ್ನು ನೋಡುವಂತೆ ನನ್ನನ್ನು ನೋಡಿದಳು.

"ಯಾಕಜ್ಜಿ ಅಷ್ಟೆಲ್ಲ?"

"ತೂಕ ನೋಡ್ತೀವಿ ಅಂತ ನೀವೇ ಹೇಳಿಕಳ್ಸಿದ್ರಲ್ಲಾ."

ಹೆಡ್ ಮಾಸ್ಟರು ಅಷ್ಟರಲ್ಲಿ ಬಂದರು. ಮೊದಲು ಅವರ ಹೊಟ್ಟೆ ಬಂತು, ಆಮೇಲೆ ಅವರು. "ಮಕ್ಕಳ ಬಾಯಿಗೆ ಬೀಗ ಹಾಕ್ಬೇಕಮ್ಮಾ" ಎಂದು ನಮಗೆಲ್ಲ ಬುದ್ಧಿ ಹೇಳಿದರು.

ಬೊಜ್ಜು ಸುಳ್ಳು ಎಂದು ನಾನು ಹೇಳುವುದಿಲ್ಲ. ನನಗೇ ಸಕ್ಕರೆ ಕಾಯಿಲೆ ಇದೆ, ಕಾಲಿನ ಒಂದು ಬೆರಳನ್ನು ಶಿವಮೊಗ್ಗದ ಆಸ್ಪತ್ರೆಯಲ್ಲಿ ಬಿಟ್ಟು ಬಂದಿದ್ದೇನೆ. ಮೊಮ್ಮಗಳು ಕೆರೆ ಏರಿ ಹತ್ತಿದರೆ ಏದುಸಿರು ಬಿಡುವುದೂ ನಿಜ. ನನ್ನ ಮಗ ಕಡೂರಿನಲ್ಲಿ ತೆಂಗಿನಕಾಯಿ ವ್ಯಾಪಾರ ಮಾಡುತ್ತಾನೆ. ಸಂಜೆ ಬರುವಾಗ ಬೇಕರಿಯ ಪಫ್ಸು, ಕ್ರೀಮ್ ಬನ್ನು ತರದಿದ್ದರೆ ಅವನಿಗೆ ಮನೆಯೊಳಗೆ ಕಾಲಿಡಲು ನಾಚಿಕೆ. ಶಾಲೆ ನಮ್ಮ ಮನೆಗೆ ಕೂಗಳತೆ ದೂರ, ಅಲ್ಲಿಗೂ ಮಗಳನ್ನು ಬೈಕಿನಲ್ಲಿ ಬಿಡುತ್ತಾನೆ. ಇದನ್ನೆಲ್ಲ ನಾನು ಎಷ್ಟೋ ಸಲ ಹೇಳಿದ್ದೆ. ನಾನು ಹೇಳಿದರೆ ಅದು ಮುದುಕಿಯ ಗೊಣಗಾಟ. ಅದನ್ನೇ ತರೀಕೆರೆಯಲ್ಲಿ ಮೈಕು ಹಿಡಿದು ಹೇಳಿದರೆ ಕಾರ್ಯಕ್ರಮ.

ಆ ಕಾರ್ಯಕ್ರಮಕ್ಕೂ ಹೋಗಿ ಬಂದೆವು. ಗೋಡೆ ಸಾಲಿನಲ್ಲಿ ಕೂತ ಮಕ್ಕಳ ಮನೆಯವರಿಗೆಲ್ಲ ತರೀಕೆರೆಯಲ್ಲಿ ಒಂದು ದಿನದ ತರಬೇತಿ. ನಡೆಯುವುದು ಒಳ್ಳೆಯದು ಎಂದು ಹೇಳಿಕೊಡಲು ನಮ್ಮನ್ನು ಮನೆ ಬಾಗಿಲಿಂದಲೇ ಟೆಂಪೋದಲ್ಲಿ ಕರೆದೊಯ್ದರು. ಗೋಡೆಯ ಮೇಲೆ ಸಿನಿಮಾದಂತೆ ತರಕಾರಿ ತೋರಿಸಿದರು. ಹೂಕೋಸಿಗೆ ಹಸಿರು ಬಣ್ಣ ಬಳಿದಂಥದ್ದೊಂದು ಬಂತು.

"ಇದು ಅಜ್ಜಂಪುರದ ಸಂತೇಲಿ ಸಿಗ್ತದಾ ಸಾರ್?" ಎಂದಳು ಪಕ್ಕದ ಮನೆಯಾಕೆ.

"ಶಿವಮೊಗ್ಗದಲ್ಲಿ ಸಿಗಬಹುದಮ್ಮ."

"ನಡ್ಕೊಂಡು ಹೋಗಿ ತರೋಣ ಬಿಡಿ" ಎಂದೆ. ಅವರು ನಗಲಿಲ್ಲ.

ಎಣ್ಣೆ ಬೇಡ, ಸಿಹಿ ಬೇಡ, ಕರಿದದ್ದು ಬೇಡ ಎಂದು ಮಧ್ಯಾಹ್ನದವರೆಗೆ ಹೇಳಿದರು. ಆಮೇಲೆ ಊಟಕ್ಕೆ ಎಬ್ಬಿಸಿದರು. ಪೂರಿ, ಸಾಗು, ಬೋಂಡಾ, ಕೊನೆಗೊಂದು ಜಹಾಂಗೀರು. ಪಕ್ಕದ ಮನೆಯಾಕೆ ತನ್ನ ಜಹಾಂಗೀರನ್ನು ತಿನ್ನದೆ ಕಾಗದದಲ್ಲಿ ಸುತ್ತಿಕೊಂಡಳು. ತರಬೇತಿ ಫಲ ಕೊಟ್ಟಿತು ಎಂದುಕೊಂಡೆ. ಟೆಂಪೋ ಹತ್ತಿದ ಮೇಲೆ ಹೇಳಿದಳು, "ಮೊಮ್ಮಗನಿಗೆ ಕಣಕ್ಕ, ಕಾಯ್ತಿರ್ತಾನೆ."

ಇಷ್ಟೇ ಆಗಿದ್ದರೆ ನಕ್ಕು ಮರೆಯಬಹುದಿತ್ತು. ಆದರೆ ನನ್ನ ಮೊಮ್ಮಗಳು ಊಟ ಬಿಟ್ಟಳು.

ಮೊದಲು ನಮಗೆ ಗೊತ್ತಾಗಲಿಲ್ಲ. ಮನೆಯಲ್ಲಿ ಕೇಳಿದರೆ ಶಾಲೆಯಲ್ಲಿ ತಿಂದೆ ಎನ್ನುವಳು, ಶಾಲೆಯಲ್ಲಿ ಕೇಳಿದರೆ ಮನೆಯಲ್ಲಿ ತಿಂದು ಬಂದೆ ಎನ್ನುವಳು. ಬಿಸಿಯೂಟ ಮಾಡುವವಳು ಒಂದು ದಿನ ದಾರಿಯಲ್ಲಿ ಸಿಕ್ಕಿ ಹೇಳಿದಳು. "ನಿಮ್ಮ ಹುಡುಗಿ ತಟ್ಟೆನೇ ತಗೊಳ್ಳಲ್ಲ ಕಣ್ರೀ. ತಟ್ಟೆ ಹಿಡಿದ್ರೆ ಸಾಕು, ಗಂಡುಡುಗ್ರು 'ಐವತ್ತೆರಡು ಬಂತು, ಐವತ್ತೆರಡು ಬಂತು' ಅಂತಾವೆ. ನಾನೂ ಸೌಟು ತಗೊಂಡು ಓಡಿಸ್ದೆ. ಕೇಳ್ಬೇಕಲ್ಲ."

ಮನೆಗೆ ಬಂದು ಹೇಳಿದರೆ ನನ್ನ ಮಗ, "ಹಸಿವಾದ್ರೆ ತಾನೇ ತಿಂತಾಳೆ ಬಿಡವ್ವ" ಎಂದ. ಸೊಸೆಗಂತೂ ಒಳಗೊಳಗೇ ಸಂತೋಷ. "ತೂಕ ಇಳಿದ್ರೆ ಒಳ್ಳೇದೇ ಅಲ್ವಾ ಅತ್ತೆ" ಎಂದಳು. ಒಂದು ಬೆಳಿಗ್ಗೆ ನೀರಿನ ಬಿಂದಿಗೆ ಎತ್ತಿಕೊಂಡು ಬರುತ್ತಿದ್ದ ಹುಡುಗಿ ಹಿತ್ತಲ ಬಾಗಿಲಲ್ಲಿ ಕುಸಿದು ಕೂತಳು. ಮುಖಕ್ಕೆ ನೀರು ಹಾಕಿ ಎಬ್ಬಿಸಿದೆ. ತುಟಿ ಬಿಳಿಚಿಕೊಂಡಿತ್ತು.

"ತಿನ್ನೇ" ಎಂದೆ.

"ತೂಕದ ದಿನ ಮುಗೀಲಿ, ತಿಂತೀನಿ."

"ಅದು ಮುಗಿಯೋದಲ್ಲ ಕಣೇ. ತಿಂಗ್ಳು ತಿಂಗ್ಳೂ ಬರ್ತಾರಂತೆ."

"ಹಂಗಾರೆ ತಿನ್ನಲ್ಲ."

ಸೊಸೆಯ ಸಂತೋಷ ಅಂದಿಗೆ ಇಳಿಯಿತು. ಮಗ ಸಂಜೆ ಪಫ್ಸಿನ ಬದಲು ಸೇಬು ತಂದ. ಅದೂ ಹಾಗೇ ಉಳಿಯಿತು.

ಮುಂದಿನ ತೂಕದ ದಿನ ಬೆಳಿಗ್ಗೆ ಎದ್ದು, ಸೀರೆ ಬದಲಾಯಿಸಿ, ಮೊಮ್ಮಗಳ ಕೈ ಹಿಡಿದುಕೊಂಡು ನಡೆದೇ ಹೋದೆ. ಅದೇ ಬ್ಯಾನರು, ಅದೇ ಮೇಡಂ. ಮಕ್ಕಳು ಸಾಲಾಗಿ ನಿಂತಿದ್ದವು. ನಾನು ಹೋಗಿ ಯಂತ್ರದ ಮೇಲೆ ನಿಂತೆ.

"ಅಜ್ಜಿ, ಇದು ಮಕ್ಳಿಗೆ" ಎಂದಳು ಮೇಡಂ.

"ಗೊತ್ತು ಕಣವ್ವ. ಎಷ್ಟು?"

ಅವಳು ಬಗ್ಗಿ ನೋಡಿ ಮೆಲ್ಲಗೆ ಹೇಳಿದಳು.

"ಹಂಗಲ್ಲ. ಮೊನ್ನೆ ಕೂಗಿದ್ಯಲ್ಲ, ಹಂಗೆ."

"ಎಪ್ಪತ್ತೊಂದು" ಎಂದು ಕೂಗಿದಳು. ಮಕ್ಕಳು ಕೇಕೆ ಹಾಕಿ ನಕ್ಕವು. ನಗಲಿ ಎಂದೇ ನಾನು ಹತ್ತಿದ್ದು.

"ಈಗ ಹೆಡ್ ಮಾಸ್ಟ್ರು ಬರ್ಲಿ" ಎಂದೆ. ಹೆಡ್ ಮಾಸ್ಟರಿಗೆ ಆಗಲೇ ಯಾವುದೋ ಫೋನು ಬಂದಿತು. ಅದು ಗಂಟೆ ಬಾರಿಸಿದ್ದು ಅವರೊಬ್ಬರಿಗೇ ಕೇಳಿಸಿತು. ಮಾತಾಡುತ್ತಾ ಗೇಟಿನವರೆಗೂ ಹೋದರು. ಅಷ್ಟು ದೂರ ಅವರು ನಡೆದದ್ದನ್ನು ನಾನು ಅವತ್ತೇ ನೋಡಿದ್ದು. ಕಾರ್ಯಕ್ರಮದಿಂದ ಲಾಭವಿಲ್ಲ ಎಂದು ಯಾರೂ ಹೇಳುವಂತಿಲ್ಲ.

"ಸರಿ, ನೀನು ಹತ್ತವ್ವ" ಎಂದೆ ಮೇಡಂಗೆ. "ನಾನು ಕೂಗ್ತೀನಿ. ಅಂಕಿ ಓದಕ್ಕೆ ಬರ್ತದೆ ನಂಗೆ."

"ನಂದು ಬೇಡ ಅಜ್ಜಿ."

"ಯಾಕೆ?"

"ಎಲ್ಲರ ಮುಂದೆ ಬೇಡ."

ಹೇಳಿ ಮುಗಿಸಿದ ಮೇಲೆ ಅವಳ ಮಾತು ಅವಳಿಗೇ ಕೇಳಿಸಿತು. ಮುಖ ಕೆಂಪಗಾಯಿತು. ವಾದ ಮಾಡಲಿಲ್ಲ, ಅದನ್ನು ಹೇಳಲೇಬೇಕು. ಹೋದ ಸಲ ಮಕ್ಕಳನ್ನು ಬೇರೆ ಕೂರಿಸಿದ್ದ ಗೋಡೆಯ ಕಡೆ ನೋಡಿದಳು. ಆಮೇಲೆ ಯಂತ್ರ ಎತ್ತಿಕೊಂಡು ಬಿಸಿಯೂಟದ ಅಕ್ಕಿ ಇಡುವ ಕೋಣೆಯೊಳಗೆ ಹೋದಳು. ಒಬ್ಬೊಬ್ಬರನ್ನೇ ಒಳಗೆ ಕರೆದು ಬಾಗಿಲು ಹಾಕಿಕೊಂಡಳು. ಬ್ಯಾನರು ಮಾತ್ರ ಹೊರಗೇ ಉಳಿಯಿತು, ಫೋಟೋಕ್ಕೆ ಬೇಕಲ್ಲ.

ನನ್ನ ಮೊಮ್ಮಗಳೂ ಒಳಗೆ ಹೋಗಿ ಬಂದಳು. ಎಷ್ಟು ಎಂದು ನಾನು ಕೇಳಲಿಲ್ಲ. ಹುಡುಗರು ಕೇಳಿದರು, ಅವಳು ಹೇಳಲಿಲ್ಲ. ಅಂಕಿ ಸಿಗದೆ ಅವರಿಗೆ ಕರೆಯುವುದಕ್ಕೆ ಹೊಸದೇನೂ ಇರಲಿಲ್ಲ. ಹಳೆಯದನ್ನು ಒಂದೆರಡು ಸಲ ಕೂಗಿ ಸುಮ್ಮನಾದರು.

ದಾರಿಯುದ್ದಕ್ಕೂ ಅವಳು ನನಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದಳು. ಮನೆಗೆ ಬಂದು, ಬಾಗಿಲು ದಾಟಿದ ಮೇಲೆ ಶುರುವಾಯಿತು.

"ನನ್ನ ಮಾನ ಕಳೆದೆ ನೀನು. ಎಲ್ಲಾರ್ ಮುಂದೆ ಅದ್ರ ಮೇಲೆ ಹತ್ತಿ ನಿಂತ್ಕೊಂಡೆ."

"ಹೂಂ."

"ಮುಂದಿನ್ ಸಲ ನೀನು ಬರ್ಕೂಡದು."

"ಊಟ ಮಾಡು, ಬರಲ್ಲ."

ಅವಳು ನನ್ನನ್ನು ದುರುಗುಟ್ಟಿ ನೋಡಿದಳು. "ಒಂದೇ ಮುದ್ದೆ."

"ಒಂದೇ ಕಣೇ, ಸಣ್ಣದು."

"ತುಪ್ಪ ಬೇಡ."

"ತುಪ್ಪ ಯಾರು ಕೊಡ್ತೀನಂದ್ರು ನಿಂಗೆ?"

ತಟ್ಟೆ ಎಳೆದುಕೊಂಡು ಕೂತಳು. ಒಂದು ತುತ್ತು ನುಂಗಿ ನನ್ನನ್ನು ಬೈದಳು, ಬೈದು ಮತ್ತೊಂದು ತುತ್ತು ಮುರಿದಳು. ಇನ್ನಷ್ಟು ಬೈಯಲಿ ಎಂದು ನಾನು ಸಾರು ಬಡಿಸಿದೆ.