ಅವ್ವನ ಪತ್ತೇದಾರಿ ತಂಡ

ಅರವತ್ತು ದಾಟಿದವನು ಕಾರ್ಟೂನ್ ನೋಡುತ್ತೇನೆಂದು ಬಾಯಿಬಿಟ್ಟರೆ ಜನ ತಾವೇ ಒಂದು ನೆಪ ಹುಡುಕಿಕೊಟ್ಟು ನನ್ನ ಮರ್ಯಾದೆ ಕಾಪಾಡಲು ನೋಡುತ್ತಾರೆ. ಮನೆಯಲ್ಲಿ ಮೊಮ್ಮಕ್ಕಳಿರಬೇಕು, ಪಾಪ, ರಿಮೋಟು ಸಿಗುವುದಿಲ್ಲವೇನೋ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಚಿಕ್ಕವರು ಯಾರೂ ಇಲ್ಲ. ನನಗೆ ಈ ಚಟ ಹತ್ತಿಸಿದವಳು ಎಂಬತ್ತು ದಾಟಿದ ನಮ್ಮವ್ವ.

ಅದೂ ಎಂಥ ಕಾರ್ಟೂನು ಅಂತೀರಿ? ಕಾಲೇಜಿಗೆ ಹೋಗಬೇಕಾದ ವಯಸ್ಸಿನ ನಾಲ್ವರು ಕಾಲೇಜು ಬಿಟ್ಟು, ಒಂದು ನಾಯಿಯನ್ನು ಕಟ್ಟಿಕೊಂಡು, ಪಾಳುಬಿದ್ದ ಬಂಗಲೆಗಳಲ್ಲಿ ಭೂತ ಹುಡುಕುತ್ತ ಅಲೆಯುವ ಜಾತಿಯದು. ಈ ಜಾತಿಯವು ಬೇಕಾದಷ್ಟು ಬಂದುಹೋಗಿವೆ. ಗಾಡಿಯ ಬಣ್ಣ ಬೇರೆ, ನಾಯಿಯ ಬದಲು ಒಮ್ಮೊಮ್ಮೆ ಗಿಳಿ ಇರುತ್ತದೆ, ಉಳಿದದ್ದೆಲ್ಲ ಅದೇ. ಭೂತ ಎಂದೂ ಭೂತವಾಗಿರುವುದಿಲ್ಲ. ಮುಖವಾಡ ಎಳೆದರೆ ಒಳಗೆ ಪರಿಚಯದ ಮನುಷ್ಯನೇ ಇರುತ್ತಾನೆ.

ಅವ್ವ ಇದಕ್ಕೆ ಗಂಟುಬಿದ್ದದ್ದಕ್ಕೂ ಕಾರಣವಿತ್ತು. ಅಪ್ಪ ತೀರಿಕೊಂಡ ಮೇಲೆ ಜೇವರ್ಗಿ ಕಡೆಯ ನಮ್ಮ ಹಳ್ಳಿಯಿಂದ ಅವಳನ್ನು ತೆಲುಗು ಸೀಮೆಗೆ, ಮಲ್ಕಾಜ್‌ಗಿರಿಯ ನಮ್ಮ ಫ್ಲ್ಯಾಟಿಗೆ ಕರೆತಂದೆ. ನಾನು ನಾಚಾರಂನಲ್ಲಿ ಯಂತ್ರದ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯ ಸ್ಟೋರಿನಲ್ಲಿದ್ದೆ. ಹೆಂಡತಿ ಒಂದು ಶಾಲೆಯ ಆಫೀಸಿನಲ್ಲಿ. ಬೆಳಿಗ್ಗೆ ಇಬ್ಬರೂ ಹೊರಟರೆ ಮನೆಗೆ ಮರಳುವಾಗ ದೀಪ ಹಚ್ಚುವ ಹೊತ್ತು. ಅವ್ವನಿಗೆ ತೆಲುಗು ಬಾರದು, ಹಿಂದಿಯೂ ಬಾರದು. ಊರಿನಲ್ಲಿ ಎದ್ದ ಗಳಿಗೆಯಿಂದ ಮಾತಿಗೆ ಕೂರುತ್ತಿದ್ದವಳು. ಯಾರೂ ಸಿಗದಿದ್ದರೆ ಎಮ್ಮೆಯ ಜೊತೆಗಾದರೂ ನಾಲ್ಕು ಮಾತಾಡುತ್ತಿದ್ದಳು. ಇಲ್ಲಿ ಮೊದಮೊದಲು ಬಾಗಿಲಲ್ಲಿ ನಿಂತು ಹೋಗಿಬರುವವರನ್ನೆಲ್ಲ ಕನ್ನಡದಲ್ಲೇ ಮಾತಾಡಿಸಿ ನೋಡಿದಳು. ಅವರು ನಕ್ಕು ಮುಂದೆ ಹೋದರು. ಆಮೇಲೆ ಮೊಣಕಾಲು ನೋವೆಂದು ಬಾಗಿಲಿಗೆ ಬರುವುದನ್ನೇ ಬಿಟ್ಟಳು.

ಒಂದು ದಿನ ಊಟಕ್ಕೆ ಕೂತಾಗ ನೇರವಾಗಿಯೇ ಹೇಳಿದಳು: "ಉಣ್ಲಿಕ್ಕಿ ಏನೂ ಕಡಿಮಿ ಇಲ್ಲಪ್ಪ. ಮಾತಾಡ್ಲಿಕ್ಕಿ ಒಬ್ಬರು ಬೇಕು ನೋಡು."

ನಾನು ಹುಡುಕದೆ ಬಿಡಲಿಲ್ಲ. ಕನ್ನಡದವರ ಸಮಾರಂಭಗಳಿಗೆ ಆಟೊದಲ್ಲಿ ಕೂರಿಸಿಕೊಂಡು ಕರೆದೊಯ್ದೆ. ಅಲ್ಲಿ ವೇದಿಕೆಯ ಮೇಲಿದ್ದವರು ಮಾತಾಡಿದರು, ಅವ್ವ ಕೇಳಿಸಿಕೊಂಡು ಬಂದಳು. ಅವಳಿಗೆ ಬೇಕಾಗಿದ್ದದ್ದು ರಾಜ್ಯೋತ್ಸವದ ಭಾಷಣವಲ್ಲ, ಮಂಗಳವಾರ ಮಧ್ಯಾಹ್ನ ಎದುರಿಗೆ ಕಾಲು ಚಾಚಿ ಕೂರುವ ಒಬ್ಬ ಹೆಂಗಸು. ಫೋನಿನಲ್ಲಿ ನೆಂಟರನ್ನು ಹಿಡಿದುಕೊಟ್ಟೆ. ಎಲೆ-ಅಡಿಕೆ ಕೊಡಲು ಬಾರದ ಮಾತು ಎಂಥ ಮಾತು ಎಂದಳು. ಕನ್ನಡ ಚಾನೆಲ್ ಹಾಕಿಸಿಕೊಟ್ಟೆ. ಅದರೊಳಗಿನ ಸೊಸೆಯಂದಿರ ಬೆಂಗಳೂರು ಕನ್ನಡವೂ ಅವರ ಅಳುವೂ ಅವಳಿಗೆ ಹಿಡಿಸಲಿಲ್ಲ. ಕೊನೆಗೆ ತಾನಾಗಿಯೇ ಈ ಕಾರ್ಟೂನಿಗೆ ಬಂದು ನಿಂತಳು. ಮಾತು ತೆಲುಗಿನದಾದರೂ ಅದರಲ್ಲಿ ಎಲ್ಲರೂ ಬರೀ ಓಡುತ್ತಾರೆ. ಓಡುವುದು ಯಾವ ಭಾಷೆಯವರಿಗಾದರೂ ತಿಳಿಯುತ್ತದೆ.

ಭಾನುವಾರ ನಾನೂ ಪಕ್ಕದಲ್ಲಿ ಕೂರುತ್ತಿದ್ದೆ. ತಂಡದವರಿಗೆಲ್ಲ ಅವ್ವ ನಾಮಕರಣ ಮಾಡಿದ್ದಳು. ತಲೆ ಬಾಚಿಕೊಂಡು, ಎಲ್ಲಿ ಹೋದರೂ 'ನೀವು ಆ ಕಡೆ, ನಾವು ಈ ಕಡೆ' ಎಂದು ಪಾಲು ಮಾಡುವವನು ಪುಢಾರಿ. ಅವನ ಪಾಲು ಒಮ್ಮೆಯೂ ಸರಿಹೋದದ್ದಿಲ್ಲ, ಆದರೂ ಅವನೇ ಮುಂದಾಳು. ಚೆಂದದ ಹುಡುಗಿ ಬರೀ ಚೆಂದದಾಕಿ, ಅವಳ ಕೆಲಸ ಕದ ತೆರೆದು ಕಿರಿಚುವುದು. ಕನ್ನಡಕದವಳು ಮಾಸ್ತರಾಕಿ. ಎಲ್ಲ ತಿಳಿದವಳು, ಆದರೆ ಭೂತ ಎದುರು ಬಂದಾಗಲೇ ಕನ್ನಡಕ ಬೀಳಿಸಿಕೊಂಡು ನೆಲ ತಡಕುವವಳು. ಒಂದು ದಾರ ಕಟ್ಟಿಕೊಂಡರೆ ಇವಳಪ್ಪನ ಗಂಟೇನು ಹೋಗುತ್ತದೆ ಎಂದು ಅವ್ವನ ತಕರಾರು. ಇನ್ನು ಸದಾ ತಿನ್ನುತ್ತ, ಸದಾ ನಡುಗುತ್ತ ಇರುವವನು ಹೊಟ್ಟಿಬಾಕ. ನಾಯಿಗೆ ಮಾತ್ರ ಹೆಸರಿಡಲಿಲ್ಲ. ಅಷ್ಟೂ ಮಂದಿಯಲ್ಲಿ ಅದೊಂದೇ ಶಾಣ್ಯಾ ಎಂದು ಗೌರವ ಕೊಟ್ಟಿದ್ದಳು.

ನಾನು ನನ್ನ ಪಾಂಡಿತ್ಯ ತೋರಿಸಲು ಹೋಗುತ್ತಿದ್ದೆ. ಈ ಹೊಟ್ಟೆಬಾಕ ಪುಕ್ಕಲ ಹೊಸಬನಲ್ಲ, ಸಂಸ್ಕೃತ ನಾಟಕದ ವಿದೂಷಕನ ವಂಶದವನು. ಅವನೂ ಹೀಗೆಯೇ ಮೋದಕ ಕಂಡರೆ ಮುಂದೆ, ಕತ್ತಿ ಕಂಡರೆ ಹಿಂದೆ. ರಾಜನ ರಹಸ್ಯಗಳೆಲ್ಲ ಕೊನೆಗೆ ಬಯಲಾಗುವುದು ಅವನ ಎಡವಟ್ಟಿನಿಂದಲೇ. ಅವ್ವ ಪೂರ್ತಿ ಕೇಳಿಸಿಕೊಂಡು, ಅದೆಲ್ಲ ಇರಲಿ, ನಿನಗೆ ಕಳ್ಳ ಯಾರೆಂದು ಗೊತ್ತಾಯಿತೋ ಇಲ್ಲವೋ ಎಂದು ಕೇಳುತ್ತಿದ್ದಳು. ನನಗೆ ಗೊತ್ತಾಗುತ್ತಿರಲಿಲ್ಲ. ಅವಳಿಗೆ ಮೊದಲೇ ಗೊತ್ತಿರುತ್ತಿತ್ತು. ಅದಕ್ಕೊಂದು ಸೂತ್ರ ಕಂಡುಕೊಂಡಿದ್ದಳು: ಆ ಕಡೆ ಹೋಗಬೇಡಿರೆಂದು ಎಲ್ಲರಿಗಿಂತ ಮೊದಲು ಬಂದು ಯಾರು ಹೇಳುತ್ತಾರೋ, ಭೂತ ಅವರೇ.

ಹೀಗಿರುವಾಗ ಒಂದು ಚಳಿಗಾಲ ನಮ್ಮ ಅಪಾರ್ಟ್‌ಮೆಂಟಿನ ಟೆರೇಸಿಗೇ ಭೂತ ಬಂತು.

ಅಂದು ಅಮಾವಾಸ್ಯೆ, ರಜೆಯ ದಿನ. ಹಾಲು ತರಲು ಇಳಿಯುವಾಗ ಲಿಫ್ಟಿನಲ್ಲಿ ನಮ್ಮ ಮೇಲಿನ ಮನೆಯ ನೀಲಮ್ಮ ಸಿಕ್ಕರು. ಎಪ್ಪತ್ತರ ಆಸುಪಾಸಿನವರು, ಮಗ ರೈಲ್ವೆಯಲ್ಲಿ. ಟೆರೇಸಿನಲ್ಲಿ ಯಾರೋ ಏನೋ ಮಾಡಿಟ್ಟಿದ್ದಾರೆ, ಇವತ್ತು ಯಾರೂ ಆ ಕಡೆ ಹೋಗುವುದು ಬೇಡ ಎಂದು ತೆಲುಗಿನಲ್ಲಿ ಹೇಳಿದರು. ನಾನೂ ತೆಲುಗಿನಲ್ಲೇ ಉಪಕಾರವಾಯಿತೆಂದೆ. ಹೋಗಬೇಡಿ ಎಂದ ಮೇಲೆ ಹೋಗದಿದ್ದರೆ ಪತ್ತೇದಾರಿ ಹೇಗಾದೀತು? ಹತ್ತು ಗಂಟೆಗೆ ಅಸೋಸಿಯೇಷನ್ನಿನ ಸೆಕ್ರೆಟರಿ ತಂಡ ಕಟ್ಟಿದರು. ಇರುವುದು ಒಂದೇ ಟೆರೇಸು; ಅದರಲ್ಲೂ ನೀವಿಬ್ಬರು ಎಡಕ್ಕೆ, ನಾವಿಬ್ಬರು ಬಲಕ್ಕೆ ಎಂದು ಪಾಲು ಮಾಡಿದರು. ಖಜಾಂಚಿಯವರು ಕನ್ನಡಕ ಮನೆಯಲ್ಲೇ ಮರೆತು ಬಂದಿದ್ದರು. ನಾನು ಸೆಕ್ರೆಟರಿಯ ಬೆನ್ನ ಹಿಂದೆ, ಜೇಬಿನಲ್ಲಿ ಹುರಿದ ಶೇಂಗಾ ಇಟ್ಟುಕೊಂಡು, ಒಂದೊಂದೇ ಬಾಯಿಗೆ ಹಾಕುತ್ತ ನಡೆದೆ. ನನ್ನ ಪಾತ್ರ ಯಾವುದೆಂದು ನೀವೇ ತೀರ್ಮಾನಿಸಿ.

ನೀರಿನ ಟ್ಯಾಂಕಿನ ಹಿಂದೆ, ಹೂವಿನ ಕುಂಡಗಳ ನಡುವೆ ಸಾಲಾಗಿ ಐದು ಕಲ್ಲು. ಸುಣ್ಣ ಹಚ್ಚಿ ಕುಂಕುಮ ಇಟ್ಟಿತ್ತು. ಸುತ್ತಲೂ ಅನ್ನವೋ ಪಲ್ಯವೋ ಏನೋ ಚೆಲ್ಲಿತ್ತು. ಸೆಕ್ರೆಟರಿ ಇದು ಮಾಟವೇ ಎಂದು ತೀರ್ಪು ಕೊಟ್ಟರು. ನಾನೂ ಹೌದೆಂದು ತಲೆಯಾಡಿಸಿ, ಶೇಂಗಾ ಅಲ್ಲಿಗೇ ನಿಲ್ಲಿಸಿದೆ.

ಮನೆಗೆ ಬಂದು ಅವ್ವನಿಗೆ ರಸವತ್ತಾಗಿ ವರದಿ ಒಪ್ಪಿಸಿದೆ. ನಗುತ್ತಲೇ ಕೇಳುತ್ತಿದ್ದವಳು ಕಲ್ಲಿನ ಮಾತು ಬರುತ್ತಲೇ ಎದ್ದು ಕೂತಳು.

"ಐದು ಕಲ್ಲಾ? ಇವತ್ತು ಎಳ್ಳಮಾಸಿ ಅದ. ಪಾಂಡವರನ್ನ ಕುಂದ್ರಿಸಿ ಚರಗಾ ಚೆಲ್ಲ್ಯಾರ. ಹೊಲದಾಗ ಕುಂತು ಅದನ್ನೇ ಉಂಡು ಬೆಳದಾಂವ ನೀ, ಅಷ್ಟು ತಿಳಿಲಿಲ್ಲಾ?"

ನನಗೆ ತಿಳಿಯಬೇಕಿತ್ತು. ಕಲಬುರಗಿ ಕಡೆ ಎಳ್ಳಮಾವಾಸ್ಯೆಯ ದಿನ ಮನೆಗೆ ಮನೆಯೇ ಹೊಲಕ್ಕೆ ಹೊರಡುತ್ತದೆ. ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಸಜ್ಜೆಯ ಕಡುಬನ್ನೂ, ಹಸಿಕಾಳು ಸೊಪ್ಪು ಎಲ್ಲ ಹಾಕಿ ಕುದಿಸಿದ ಭಜ್ಜಿಯನ್ನೂ ಭೂಮಿತಾಯಿಗೆಂದು ಪೈರಿನ ಮೇಲೆ ಚೆಲ್ಲಿ, ಆಮೇಲೆ ಕೂತು ಉಣ್ಣುತ್ತಾರೆ. ಚೆಲ್ಲುವುದಕ್ಕೇ ಚರಗ ಎನ್ನುವುದು. ಇಲ್ಲಿ ಹೊಲವೆಲ್ಲಿ? ಯಾರೋ ಹೂವಿನ ಕುಂಡಗಳನ್ನೇ ಹೊಲ ಮಾಡಿಕೊಂಡಿದ್ದರು.

ಮೊದಲು ಬಂದು ಹೋಗಬೇಡಿ ಎಂದವರು ಯಾರು ಎಂದು ಅವ್ವ ಕೇಳಿದಳು. ಹೇಳಿದೆ. "ಮತ್ತ ಕುಂತೀದಿ ಯಾಕ? ಹೋಗು, ಕರಕೊಂಡು ಬಾ," ಎಂದಳು.

ಹೋಗಿ ಬೆಲ್ ಮಾಡಿದೆ. ಅಸೋಸಿಯೇಷನ್ನಿನವರೇ ಬಂದರೆಂದು ನೀಲಮ್ಮ ಬಾಗಿಲನ್ನು ಅರ್ಧವಷ್ಟೇ ತೆರೆದು, ತೆಲುಗಿನಲ್ಲಿ ಏನು ಎಂದರು. ಚರಗಾ ನೀವು ಚೆಲ್ಲಿದ್ದೇನ್ರಿ ಅಕ್ಕಾರ ಎಂದು ಕನ್ನಡದಲ್ಲಿ ಕೇಳಿದೆ. ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡು ನನ್ನ ಮುಖವನ್ನೇ ನೋಡಿದರು.

"ತಮ್ಮಾ, ನೀವು ನಮ್ಮ ಕಡಿಯವರಾ?"

ಅವರು ಆಳಂದ ಕಡೆಯವರು. ಆರು ವರ್ಷದಿಂದ ನಮ್ಮ ನೆತ್ತಿಯ ಮೇಲೇ ಇದ್ದರು. ಜನ ಏನಂದುಕೊಳ್ಳುತ್ತಾರೋ ಎಂದು ಪ್ರತಿ ವರ್ಷ ಯಾರೂ ಏಳುವ ಮೊದಲೇ ಹಬ್ಬ ಮುಗಿಸಿ ಗುಡಿಸಿಬಿಡುತ್ತಿದ್ದರಂತೆ. ಆ ವರ್ಷ ಸೊಂಟ ಹಿಡಿದು ಗುಡಿಸಲಾಗಿರಲಿಲ್ಲ. ಈ ಊರಿನ ಕನ್ನಡಿಗರ ಅಭ್ಯಾಸವೇ ಹಾಗೆ. ಮನೆಯಿಂದ ಹೊರಡುವಾಗ ಚಪ್ಪಲಿಯ ಜೊತೆಗೇ ತೆಲುಗನ್ನೂ ಮೆಟ್ಟಿಕೊಳ್ಳುತ್ತೇವೆ. ನಾವು ತೆಲುಗರೆಂದು ಅವರು, ಅವರು ತೆಲುಗರೆಂದು ನಾವು, ನಮ್ಮ ಹರಕು ತೆಲುಗಿನಲ್ಲಿ ಆರು ವರ್ಷ ಒಬ್ಬರಿಗೊಬ್ಬರು ಮರ್ಯಾದೆ ಮಾಡಿದ್ದೆವು. ಎರಡು ಮನೆಗಳಲ್ಲೂ ಮಾತಿಲ್ಲದೆ ಒಬ್ಬೊಬ್ಬ ಮುದುಕಿ ಗೋಡೆ ನೋಡುತ್ತ ಕೂತಿದ್ದಳು.

ಅಂದಿನಿಂದ ನೀಲಮ್ಮ ಮಧ್ಯಾಹ್ನ ಕೆಳಗಿಳಿದು ಬರತೊಡಗಿದರು. ಸಂಜೆ ನಾವು ಬರುವ ಹೊತ್ತಿಗೆ ಅವ್ವನ ಗಂಟಲು ಮಾತಾಡಿ ಮಾತಾಡಿ ಬಿದ್ದುಹೋಗಿರುತ್ತಿತ್ತು. ಕಾರ್ಟೂನನ್ನೂ ಇಬ್ಬರೂ ಕೂಡಿ ನೋಡುತ್ತಿದ್ದರಂತೆ. ನೀಲಮ್ಮ ಮಾಸ್ತರಾಕಿಯ ಪರ ವಹಿಸಿದ್ದರಿಂದ ಜಗಳವೂ ಆಗುತ್ತಿತ್ತಂತೆ. ನಮ್ಮವ್ವ ಜಗಳಾಡಿದಳೆಂದು ಕೇಳಿ ನನಗೆ ಅಷ್ಟು ಸಂತೋಷವಾಗಬಹುದೆಂದು ನಾನೆಂದೂ ಎಣಿಸಿರಲಿಲ್ಲ.

ಯುಗಾದಿ ಕಳೆದು ಬಿಸಿಲು ಏರಿದಾಗ ಅವ್ವನಿಗೆ ಜ್ವರ ಬಂತು. ಆಸ್ಪತ್ರೆಗೆ ಸೇರಿಸಿದೆವು. ತಿರುಗಿ ಬರಲಿಲ್ಲ.

ಕಾರ್ಟೂನಿನವರ ಬಗ್ಗೆ ನನಗೆ ಹೊಟ್ಟೆಕಿಚ್ಚು ಹುಟ್ಟಿದ್ದು ಆಗ. ಅಲ್ಲಿ ಯಾರಿಗೂ ವಯಸ್ಸಾಗುವುದಿಲ್ಲ. ವರ್ಷಗಟ್ಟಲೆ ಅದೇ ಅಂಗಿ, ಅದೇ ನಾಯಿ. ಕದ ತೆರೆಯುವುದು ತಡವಾದರೆ ಕಳ್ಳ ಇನ್ನೊಂದು ಕೋಣೆಗೆ ಓಡುತ್ತಾನೆ, ಅಷ್ಟೇ. ಗುಟ್ಟು ತಡವಾಗಿ ರಟ್ಟಾಯಿತಲ್ಲ ಎಂದು ಅವರಲ್ಲಿ ಒಬ್ಬರೂ ಕೂತು ಹಳಹಳಿಸಿದ್ದನ್ನು ನಾನು ಕಂಡಿಲ್ಲ.

ಅವ್ವನ ದಿನಕರ್ಮಗಳೆಲ್ಲ ಮುಗಿದ ಮೇಲೊಂದು ಮಧ್ಯಾಹ್ನ ನೀಲಮ್ಮ ಬಂದು ಅವ್ವ ಕೂರುತ್ತಿದ್ದ ಜಾಗದ ಎದುರಿಗೆ ಕೂತರು. ಅವ್ವ ತನ್ನ ಕಥೆಯನ್ನು ಹುಟ್ಟಿನಿಂದ ಶುರುಮಾಡಿದ್ದಳಂತೆ. ಅವಸರವಿಲ್ಲದೆ, ಯಾರನ್ನೂ ಬಿಡದೆ ಹೇಳುತ್ತಿದ್ದಳಂತೆ. ಇಷ್ಟು ತಿಂಗಳಲ್ಲಿ ಮದುವೆಯ ತನಕ ಬಂದಿತ್ತು. ಮದುವೆಯಾಗಿ ಮೊದಲ ಸಲ ಗಂಡನ ಮನೆಗೆ ಹೊರಟಾಗ ಭೀಮಾ ನದಿ ತುಂಬಿ ಗಾಡಿ ದಂಡೆಯಲ್ಲೇ ನಿಂತಿತಂತೆ. ಅಷ್ಟು ಹೇಳುವಷ್ಟರಲ್ಲಿ ಸಂಜೆಯಾಯಿತೆಂದು ಉಳಿದ ಕಥೆಯನ್ನು ನಾಳೆಗಿಟ್ಟಿದ್ದರು. ಆ ರಾತ್ರಿಯೇ ಜ್ವರ ಬಂದದ್ದು.

"ಮುಂದೇನಾತು ತಮ್ಮಾ?" ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ. ನದಿ ತುಂಬಿದ ಸಂಗತಿಯನ್ನೇ ನಾನು ಕೇಳುತ್ತಿದ್ದದ್ದು ಅದೇ ಮೊದಲು. ಹೇಳಬಲ್ಲವರು ಊರಿನಲ್ಲೂ ಈಗ ಯಾರೂ ಉಳಿದಿಲ್ಲ. ಗೊತ್ತಿಲ್ರಿ ಅಕ್ಕಾರ ಎಂದೆ. ಹೇಳುವಾಗ ಕಣ್ಣು ತುಂಬಿ ಬಂತು, ಮುಖ ಆ ಕಡೆ ತಿರುಗಿಸಿದೆ.

ನೀಲಮ್ಮ ಸೆರಗಿನಿಂದ ತಾವೂ ಕಣ್ಣೊರೆಸಿಕೊಂಡರು.

"ದಾಟಿರ್ತಾಳ ಬಿಡು," ಎಂದರು. "ಇಲ್ಲಾಂದ್ರ ನೀ ಎಲ್ಲಿಂದ ಬರ್ತಿದ್ದಿ?"