ಕಾಕಾನ ಕ್ಯಾಮೆರಾ, ಅವ್ವನ ಎಳ್ಳಮಾವಾಸ್ಯೆ

ನಾವು ಚಿಕ್ಕವರಿದ್ದಾಗ ಕಮಲಾಪುರದಲ್ಲಿ ಸಿನಿಮಾ ಕ್ಯಾಮೆರಾ ಇದ್ದದ್ದು ನಮ್ಮ ಕಾಕಾನ ಹತ್ತಿರ ಮಾತ್ರ. ಹೈದರಾಬಾದಿನಿಂದ ತಂದಿದ್ದ. ಕೀಲಿ ಕೊಟ್ಟು ಗುಂಡಿ ಒತ್ತಿದರೆ ಕರ್ ಕರ್ ಎನ್ನುತ್ತಿತ್ತು. ಅದು ಕೈಗೆ ಬಂದರೆ ಕಾಕಾನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಹೊಲದ ಕೆಲಸಕ್ಕೆ ಕರೆದರೆ ಮಾತ್ರ ನಡು ನೋವು!

ಆ ವರ್ಷ ಎಳ್ಳಮಾವಾಸ್ಯೆಗೆ ಮನೆಮಂದಿಯೆಲ್ಲ ಸಜ್ಜೆ ರೊಟ್ಟಿ, ಕಾಳು-ಸೊಪ್ಪು ಬೆರೆಸಿದ ಭಜ್ಜಿ ಕಟ್ಟಿಕೊಂಡು ಹೊಲಕ್ಕೆ ಹೋದೆವು. ಭಜ್ಜಿಯ ಘಮಕ್ಕೆ ನಮಗೆ ಭೂತಾಯಿಗೆ ಎಡೆಯೆಂದು ಹೊಲಕ್ಕೆ ಚರಗ ಚೆಲ್ಲುವ ತನಕವೂ ತಡೆಯಲಾಗಲಿಲ್ಲ. ಅವ್ವ ಇಳಕಲ್ ಸೀರೆ ಉಟ್ಟಿದ್ದಳು.

"ವೈನಿ, ಚರಗದ ಬುಟ್ಟಿ ಹೊತ್ಕೊಂಡು ಹಿಂಗ್ ಬರ್ರಿ. ಸಿನಿಮಾ ಹಿಡೀತೀನಿ," ಅಂದ ಕಾಕಾ ಅವ್ವನಿಗೆ.

"ಅಯ್ಯ, ನನ್ನ ಮಾರಿ ಏನ್ ಹಿಡೀತಿ ಬಿಡಪಾ," ಅನ್ನುತ್ತಾ ಅವ್ವ ಆಗಲೇ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಬುಟ್ಟಿಗೆ ಒಂದು ಕೈ ಕೊಟ್ಟು, ಜೋಳದ ಸಾಲಿನ ನಡುವೆ ನಗುತ್ತಾ ನಡೆದು ಬಂದಳು. ಕ್ಯಾಮೆರಾ ಕರ್ ಕರ್ ಅನ್ನುತ್ತಲೇ ಇತ್ತು.

"ನನ್ನ ಸಿನಿಮಾ ಯಾವಾಗ ಬರ್ತದಪಾ?" ಎಂದು ಆಮೇಲೆ ಎಷ್ಟು ಸಲ ಕೇಳಿದಳೋ! "ತೊಳ್ಯಾಕ ಬೊಂಬಾಯಿಗಿ ಹೋಗ್ಯಾದ, ಬರ್ತದ ವೈನಿ," ಎನ್ನುತ್ತಿದ್ದ. ಮುಂದಿನ ಎಳ್ಳಮಾವಾಸ್ಯೆಗೆ ಅವ್ವನೇ ಇರಲಿಲ್ಲ.

ಮೊನ್ನೆ ಕಲಬುರಗಿಯಲ್ಲಿ ಸಿನಿಮಾ ಹುಚ್ಚಿನ ಹುಡುಗರು ಸೇರಿ ಕಾಕಾನಿಗೆ ಶಾಲು ಹೊದಿಸಿದರು. ಅವರಿಗೆ ಡಿಜಿಟಲ್ ಸೇರುವುದಿಲ್ಲವಂತೆ. ಫಿಲ್ಮಿಗೆ ಜೀವ ಇದೆಯಂತೆ, ಅದರ ಒಂದೊಂದು ಚೌಕಕ್ಕೂ ಬೆಲೆಯಂತೆ. ಹೊಟ್ಟೆ ತುಂಬಿದವರ ಚಟ! ಈ ಭಾಷಣವನ್ನೂ ಫೋನಿನಲ್ಲೇ ಹಿಡಿದುಕೊಳ್ಳುತ್ತಿದ್ದರು, ನಾಚಿಕೆ ಇಲ್ಲದವರು. ಆಮೇಲೆ ಕಾಕಾನ ಹಳೆಯ ರೀಲು ತೋರಿಸಿದರು. ನಮ್ಮೂರ ಕೆಂಪು ಬಾಳೆಗೊನೆ ಗಾಳಿಗೆ ತೂಗುತ್ತಿತ್ತು. ಮತ್ತೆ ಗೊನೆ, ಮತ್ತೂ ಗೊನೆ. ಒಬ್ಬ ಗಡ್ಡದವನು ಕಣ್ಣೊರೆಸಿಕೊಂಡ. ಬಾಳೆಹಣ್ಣು ನೋಡಿ ಅಳುವವರೂ ಇದ್ದಾರೆಂದು ನನಗೆ ಗೊತ್ತಿರಲಿಲ್ಲ.

ಹೊರಗೆ ಬಂದ ಮೇಲೆ ಕೇಳಿದೆ, "ಕಾಕಾ, ಅವ್ವಂದು ಎಲ್ಲದ?"

"ಅವತ್ತು ಕ್ಯಾಮೆರಾದಾಗ ರೀಲೇ ಇರ್ಲಿಲ್ಲವ್ವಾ. ರೀಲ್ ಭಾಳ ತುಟ್ಟಿ. ಮನಿಮಂದಿಗಿ ಬ್ಯಾಸರ ಆಗಬಾರ್ದಂತ ಖಾಲಿನೇ ತಿರುಗಿಸ್ತಿದ್ದೆ," ಎಂದು ಶಾಲು ಸರಿಮಾಡಿಕೊಂಡ.

ಒಂದೊಂದು ಚೌಕಕ್ಕೂ ಬೆಲೆ ಇತ್ತು, ನಿಜ. ಬಾಳೆಗೊನೆಗೆ ಕೊಟ್ಟದ್ದನ್ನು ನಮ್ಮವ್ವನಿಗೆ ಕೊಡಲು ಆ ಮಹಾನುಭಾವನಿಗೆ ಕೈ ಬರಲಿಲ್ಲ. ಬೆಂಕಿ ಬೀಳಲಿ ಆ ಫಿಲ್ಮಿಗೆ!

ನನ್ನ ಫೋನಿನಲ್ಲಿ ನಾನಿರುವ ಮೋಮಿನಪುರದ ಓಣಿಯ ಬೆಕ್ಕು ಕೂಡ ಓಡಾಡುತ್ತದೆ. ಅಜ್ಜಿ ಹೇಗೆ ನಡೆಯುತ್ತಿದ್ದಳೆಂದು ನನ್ನ ಮಗಳು ಕೇಳಿದರೆ, ತಲೆಯ ಮೇಲೆ ಖಾಲಿ ಬುಟ್ಟಿ ಇಟ್ಟುಕೊಂಡು ನಾನೇ ನಡೆದು ತೋರಿಸಬೇಕು.